ಅಕ್ಟೋಬರ್ ಬಿಸಿಲಿನಲ್ಲಿ ಹಸಿರಾಗಿ ನಿಲ್ಲುವ ಮರ: ಜಾಂಬೆಜಿ ದಡದ ಬದುಕು

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವನು. ಈಗ ಕೆಲಸದ ಮೇಲೆ ಜಾಂಬಿಯಾದ ಲುಸಾಕಾದಲ್ಲಿದ್ದೇನೆ. ಹೋದ ಅಕ್ಟೋಬರ್‌ನಲ್ಲಿ ಮನೆಯವರ ಜೊತೆ ಲೋವರ್ ಜಾಂಬೆಜಿ ರಾಷ್ಟ್ರೀಯ ಉದ್ಯಾನ ನೋಡಿಬಂದೆ. ಕಾಡೆಲ್ಲ ಒಣಗಿ ಬೋಳಾಗಿತ್ತು. ನದಿಯ ಪಕ್ಕ ಮಾತ್ರ ಜಾಲಿಯಂಥ ದೊಡ್ಡ ಮರಗಳು ತುಂಬು ಹಸಿರಾಗಿದ್ದವು, ಪ್ರಾಣಿಗಳೆಲ್ಲ ಅವುಗಳ ಬುಡದಲ್ಲೇ ಇದ್ದವು. ಅದು ಯಾವ ಮರ? ಅಷ್ಟು ಬಿಸಿಲಲ್ಲಿ ಹೇಗೆ ಹಸಿರಾಗಿರುತ್ತದೆ? ಆನೆಗಳು ಜಾಸ್ತಿಯಾಗಿ ಈ ಮರಗಳು ಮುಗಿದುಹೋಗುತ್ತಿವೆ ಎಂದು ಗೈಡ್ ಹೇಳಿದರು, ನಿಜವಾ? ಮುಂದಿನ ಸಲ ಮಕ್ಕಳ ಜೊತೆ ಹೋಗುವಾಗ ಏನು ನೋಡಬೇಕು, ಯಾವಾಗ ಹೋಗಬೇಕು?

ಉತ್ತರ: ಸಿಂಹ, ಚಿರತೆಯ ಬಗ್ಗೆ ಕೇಳುವವರೇ ಜಾಸ್ತಿ. ನೀವು ಮರದ ಬಗ್ಗೆ ಕೇಳಿದ್ದೀರಿ. ಜಾಂಬೆಜಿ ದಡದ ಪ್ರಾಣಿಗಳ ಬದುಕು ಅರ್ಥವಾಗಬೇಕಾದರೆ ಶುರು ಮಾಡಬೇಕಾದದ್ದು ಈ ಮರದಿಂದಲೇ. ಹಾಗಾಗಿ ನನ್ನ ಉತ್ತರದಲ್ಲಿ ಹೆಚ್ಚು ಪಾಲು ಅದಕ್ಕೇ ಹೋಗುತ್ತದೆ.

ನೀವು ನೋಡಿದ್ದು ಫೈಡರ್ಬಿಯಾ ಆಲ್ಬಿಡಾ. ಜಾಂಬಿಯಾದ ರೈತರು ಇದನ್ನು ಮುಸಂಗು ಎನ್ನುತ್ತಾರೆ. ಜಾಲಿಯಂತೆ ಕಂಡಿತು ಎಂದಿರಿ. ಅದರಲ್ಲಿ ತಪ್ಪೇನಿಲ್ಲ, ಹಿಂದೆ ಸಸ್ಯಶಾಸ್ತ್ರಜ್ಞರೂ ಇದನ್ನು ಜಾಲಿಯ ಕುಲದಲ್ಲೇ ಇಟ್ಟಿದ್ದರು. ಅದೇ ತರಹದ ಸಣ್ಣ ಎಲೆ, ಜೋಡಿ ಜೋಡಿಯಾಗಿ ಬಿಳಿ ಮುಳ್ಳು. ಆದರೆ ಎತ್ತರದಲ್ಲಿ ನಮ್ಮ ಜಾಲಿಯನ್ನು ಮೀರಿಸುತ್ತದೆ. ಒಳ್ಳೆ ಜಾಗ ಸಿಕ್ಕರೆ 30 ಮೀಟರ್‌ವರೆಗೂ ಹೋಗುತ್ತದೆ.

ಇದರ ದೊಡ್ಡ ಗುಣ ಏನೆಂದರೆ, ಉಳಿದ ಮರಗಳು ನಡೆಯುವ ಕಾಲಕ್ಕೆ ಇದು ತದ್ವಿರುದ್ಧ. ಆ ಕಡೆ ಮಳೆ ಬೀಳುವುದು ನವೆಂಬರ್‌ನಿಂದ ಮಾರ್ಚ್, ಏಪ್ರಿಲ್‌ವರೆಗೆ. ಮಳೆ ಶುರುವಾದ ಕೂಡಲೇ ಕಾಡೆಲ್ಲ ಚಿಗುರುತ್ತದೆ, ಮುಸಂಗು ಎಲೆ ಉದುರಿಸುತ್ತದೆ. ಮಳೆಗಾಲ ಪೂರ್ತಿ ಬೋಳಾಗಿ ನಿಂತಿರುತ್ತದೆ. ಮಳೆ ನಿಂತು ನೆಲ ಒಣಗತೊಡಗಿದಾಗ ಇದು ಚಿಗುರುತ್ತದೆ, ಹೂ ಬಿಡುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ಕಾಯಿ ಹಣ್ಣಾಗಿ ಬೀಳುತ್ತದೆ. ಅಂದರೆ ಕಣಿವೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ, ಹುಲ್ಲು ಧೂಳಾಗುವ, ಮೊಪಾನೆ ಮರಗಳು ಬೋಳಾಗುವ ಹೊತ್ತಿಗೆ ಸರಿಯಾಗಿ ಇಲ್ಲಿ ಎಲೆಯೂ ಇದೆ, ನೆರಳೂ ಇದೆ, ನೆಲದ ಮೇಲೆ ಕಾಯಿಯೂ ಇದೆ.

ನೀರು ಎಲ್ಲಿಂದ? ಆಳದಿಂದ. ಇದರ ತಾಯಿಬೇರು ಮೆಕ್ಕಲು ಮಣ್ಣನ್ನು ಸೀಳಿಕೊಂಡು ಅಂತರ್ಜಲದವರೆಗೆ ಇಳಿಯುತ್ತದೆ. ಹತ್ತಾರು ಮೀಟರ್ ಆಳದವರೆಗೆ ಬೇರು ಇಳಿದ ಉದಾಹರಣೆಗಳಿವೆ. ನದಿ ಪಕ್ಕದಲ್ಲೇ ಇರುವುದರಿಂದ ಕೆಳಗಿನ ನೀರು ಬೇಸಿಗೆಯಲ್ಲೂ ಬತ್ತುವುದಿಲ್ಲ. ಮೇಲಿನ ಮಣ್ಣು ಎಷ್ಟು ಒಣಗಿದರೂ ಈ ಮರಕ್ಕೆ ಚಿಂತೆಯಿಲ್ಲ.

ಹಾಗಿದ್ದರೆ ಮಳೆಗಾಲದಲ್ಲಿ ಯಾಕೆ ಬೋಳು? ಇದು ನೆರೆ ಬರುವ ಬಯಲಿನಲ್ಲಿ ರೂಪುಗೊಂಡ ಮರ. ನೆರೆಯಲ್ಲಿ ಬುಡ ಮುಳುಗಿದರೆ ಬೇರಿಗೆ ಗಾಳಿ ಸಿಗುವುದಿಲ್ಲ. ಉಸಿರು ಕಟ್ಟಿದ ಬೇರು ತುಂಬು ಎಲೆಗೆ ನೀರು ಒದಗಿಸುವುದು ಕಷ್ಟ. ಆ ತಿಂಗಳುಗಳನ್ನು ನಿದ್ದೆಯಲ್ಲಿ ಕಳೆದು, ಮೋಡವಿಲ್ಲದ ಒಣ ಕಾಲದಲ್ಲಿ ಎಲೆ ಬಿಟ್ಟರೆ ಬಿಸಿಲೂ ಧಾರಾಳ, ಪಕ್ಕದ ಮರಗಳ ಪೈಪೋಟಿಯೂ ಕಡಿಮೆ. ವಿಜ್ಞಾನಿಗಳು ಹೆಚ್ಚಾಗಿ ಕೊಡುವ ವಿವರಣೆ ಇದು. ನನಗೂ ಇದೇ ಸರಿ ಅನ್ನಿಸುತ್ತದೆ.

ಈ ಗುಣದ ಲಾಭವನ್ನು ರೈತರು ಎಂದೋ ಕಂಡುಕೊಂಡಿದ್ದಾರೆ. ಜಾಂಬಿಯಾ, ಮಲಾವಿ, ನೈಜರ್ ದೇಶಗಳಲ್ಲಿ ಹೊಲದ ನಡುವೆ ಈ ಮರವನ್ನು ಕಡಿಯದೆ ಉಳಿಸಿಕೊಳ್ಳುತ್ತಾರೆ. ಮೆಕ್ಕೆಜೋಳ ಬೆಳೆಯುವಾಗ ಮರ ಬೋಳಾಗಿರುತ್ತದೆ, ಬೆಳೆಗೆ ನೆರಳು ಬೀಳುವುದಿಲ್ಲ. ಉದುರಿದ ಎಲೆ ಗೊಬ್ಬರವಾಗುತ್ತದೆ. ಬೇಳೆಕಾಳುಗಳ ಜಾತಿಯ ಮರವಾದ್ದರಿಂದ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನೂ ಹಿಡಿಯುತ್ತವೆ. ನಿಮ್ಮೂರ ಕಡೆ ಹೊಲದಲ್ಲಿ ಬನ್ನಿ ಮರ ಬಿಡುತ್ತಾರಲ್ವಾ, ಅದೂ ಇದರ ದೂರದ ನೆಂಟನೇ. ಜಾಂಬಿಯಾದಲ್ಲಿ ರೈತರಿಗೆ 10 ಮೀಟರ್ ಅಂತರದಲ್ಲಿ, ಹೆಕ್ಟೇರಿಗೆ 100 ಮುಸಂಗು ಸಸಿ ನೆಡಲು ಸಲಹೆ ಕೊಡುತ್ತಾರೆ. ಲುಸಾಕಾದಿಂದ ಹೊರಗೆ ಹೋದಾಗ ಮಳೆಗಾಲದ ಹೊಲಗಳಲ್ಲಿ ಬೋಳು ಮರ ಕಂಡರೆ ಸತ್ತಿದೆ ಅಂದುಕೊಳ್ಳಬೇಡಿ.

ಈಗ ಪ್ರಾಣಿಗಳ ವಿಷಯಕ್ಕೆ ಬರೋಣ. ಮುಸಂಗಿನ ಕಾಯಿ ಕಿತ್ತಳೆ ಕಂದು ಬಣ್ಣದ ಸುರುಳಿ. ಒಣಗಿಸಿದ ಸೇಬಿನ ಸಿಪ್ಪೆಯಂತೆ ತಿರುಚಿಕೊಂಡಿರುತ್ತದೆ. ಪಿಷ್ಟವೂ ಪ್ರೋಟೀನೂ ಸೇರಿದ ಒಳ್ಳೆ ಮೇವು. ಆನೆಗೆ ಇದೆಂದರೆ ಪ್ರಾಣ. ಕಾಂಡಕ್ಕೆ ಹಣೆ ಒತ್ತಿ ಇಡೀ ಮರವನ್ನು ಅಲುಗಾಡಿಸುತ್ತದೆ, ಕಾಯಿ ಮಳೆಯಂತೆ ಉದುರುತ್ತವೆ. ನದಿಯ ಆಚೆ ದಡದಲ್ಲಿ, ಜಿಂಬಾಬ್ವೆಯ ಮಾನಾ ಪೂಲ್ಸ್ ಉದ್ಯಾನದಲ್ಲಿ, ಕೆಲವು ಗಂಡಾನೆಗಳು ಹಿಂಗಾಲ ಮೇಲೆ ನೆಟ್ಟಗೆ ನಿಂತು, ಸೊಂಡಿಲು ಚಾಚಿ ಎತ್ತರದ ಕೊಂಬೆ ಎಳೆಯುತ್ತವೆ. ಇದು ಎಲ್ಲ ಆನೆಗಳಿಗೂ ಬರುವ ವಿದ್ಯೆಯಲ್ಲ. ಬಾಸ್ವೆಲ್ ಎಂದು ಹೆಸರಾದ ಒಂದು ಆನೆ ಇದರಿಂದಲೇ ಪ್ರಪಂಚಕ್ಕೆಲ್ಲ ಗೊತ್ತಾಯಿತು.

ಆನೆ ಬೀಳಿಸಿದ್ದನ್ನು ಆನೆಯೊಂದೇ ತಿನ್ನುವುದಿಲ್ಲ. ಬಬೂನ್ ಕೋತಿಗಳು ಮೇಲೆ ಕೂತು ತಿನ್ನುತ್ತಾ ಅರ್ಧ ಕೆಳಗೆ ಬೀಳಿಸುತ್ತವೆ. ಅದಕ್ಕಾಗಿಯೇ ಇಂಪಾಲ ಎಂಬ ಚಿಗರೆಗಳ ಹಿಂಡು ಬುಡದಲ್ಲಿ ಕಾಯುತ್ತಿರುತ್ತದೆ. ಕುಡು ಎಂಬ ಇನ್ನೊಂದು ಚಿಗರೆ, ಕಾಡೆಮ್ಮೆ, ಜೀಬ್ರಾ ಎಲ್ಲವೂ ಬರುತ್ತವೆ. ಎಲಾಂಡ್ ಎಂಬ ದೊಡ್ಡ ಚಿಗರೆ ಕೊಂಬಿನ ನಡುವೆ ಟೊಂಗೆ ಸಿಕ್ಕಿಸಿ ಮುರಿದುಕೊಳ್ಳುತ್ತದೆ. ಈ ಮೇಯುವ ಪ್ರಾಣಿಗಳನ್ನು ಹುಡುಕಿಕೊಂಡು ಸಿಂಹ, ಚಿರತೆ, ಆಫ್ರಿಕಾದ ಕಾಡುನಾಯಿಗಳು ಬರುತ್ತವೆ. ಮಾನಾ ಪೂಲ್ಸ್‌ನ ಕಾಡುನಾಯಿಗಳು ಬಬೂನ್‌ಗಳನ್ನೂ ಬೇಟೆಯಾಡುವುದು ವಿಶೇಷ. ಅಷ್ಟು ಬಲವಾದ ಕೋರೆಹಲ್ಲಿನ ಕೋತಿಯನ್ನು ಬೇರೆ ಕಡೆಯ ನಾಯಿಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ.

ಆನೆ ಮರಕ್ಕೂ ಉಪಕಾರ ಮಾಡುತ್ತದೆ. ತಿಂದದ್ದರಲ್ಲಿ ಅರ್ಧದಷ್ಟನ್ನೂ ಆನೆ ಅರಗಿಸಿಕೊಳ್ಳುವುದಿಲ್ಲ. ಗಟ್ಟಿ ಬೀಜಗಳು ಲದ್ದಿಯಲ್ಲಿ ಹಾಗೇ ಹೊರಗೆ ಬರುತ್ತವೆ. ನೆಲದ ಮೇಲೆ ಬಿದ್ದಿದ್ದರೆ ಬಹಳಷ್ಟು ಬೀಜ ನುಸಿ ಹುಳುವಿನ ಪಾಲಾಗುತ್ತಿತ್ತು. ಆನೆಗಳು ಜಾಂಬೆಜಿಯನ್ನು ಈಜಿ ದಾಟುತ್ತವೆ, ನಡುಗಡ್ಡೆಗಳಲ್ಲಿ ಮೇಯುತ್ತವೆ. ಬೀಜವೂ ಅವುಗಳ ಜೊತೆ ದೂರ ಹೋಗುತ್ತದೆ.

ಹಾಗಾದರೆ ಗೈಡ್ ಹೇಳಿದ್ದು? ಅರ್ಧ ನಿಜ. ಆನೆಗಳು ತೊಗಟೆ ಸುಲಿಯುತ್ತವೆ, ಟೊಂಗೆ ಮುರಿಯುತ್ತವೆ, ಎಳೆ ಸಸಿ ತಿನ್ನುತ್ತವೆ. ಇಂಪಾಲಗಳೂ ಸಸಿಗಳನ್ನು ಬಿಡುವುದಿಲ್ಲ. ಕೆಲವು ಕಡೆ ಹಳೆಯ ಮರಗಳ ಕಾಂಡಕ್ಕೆ ತಂತಿ ಬಲೆ ಸುತ್ತಿ ಕಾಪಾಡುತ್ತಿದ್ದಾರೆ. ಆದರೆ ಆನೆ ಮತ್ತು ಈ ಮರ ಸಾವಿರಾರು ವರ್ಷಗಳಿಂದ ಜೊತೆಗೇ ಬಾಳಿವೆ. ಈಗ ಮಾತ್ರ ಯಾಕೆ ಹೊಸ ಮರ ಏಳುತ್ತಿಲ್ಲ ಎಂದು ಕೇಳಿದರೆ, ನೀವು ನೋಡಿದ ಜಾಗದಿಂದ ಮೇಲಕ್ಕೆ, ಕರೀಬಾ ಅಣೆಕಟ್ಟಿನ ಕಡೆ ನೋಡಬೇಕಾಗುತ್ತದೆ.

ಮುಸಂಗು ಹುಟ್ಟುವುದು ಹೊಸ ಮಣ್ಣಿನಲ್ಲಿ. ನದಿ ಪ್ರತಿ ವರ್ಷ ನೆರೆಯಲ್ಲಿ ಒಂದು ಕಡೆ ದಡ ಕೊರೆದು, ಇನ್ನೊಂದು ಕಡೆ ಮರಳು, ಗೋಡು ತಂದು ಹಾಕುತ್ತಿತ್ತು. ಆ ಹಸಿ ಮೆಕ್ಕಲಿನಲ್ಲಿ ಬೀಜ ಮೊಳೆಯುತ್ತದೆ. ನೀರು ಇಳಿದ ಹಾಗೆ ಬೇರು ಅದನ್ನು ಹಿಂಬಾಲಿಸಿ ಇಳಿಯುತ್ತದೆ. ಸುತ್ತ ನೀರು ಇರುವ ನಡುಗಡ್ಡೆಯಲ್ಲಾದರೆ ಸಸಿಗೆ ಮೇಯುವ ಬಾಯಿಗಳ ಕಾಟವೂ ಸ್ವಲ್ಪ ಕಡಿಮೆ. ಹೀಗೆ ಒಂದೇ ಸಲಕ್ಕೆ ಹುಟ್ಟಿದ ಮರಗಳು ಒಟ್ಟಿಗೆ ಬೆಳೆದು ತೋಪಾಗುತ್ತವೆ. ನದಿ ಪಕ್ಕಕ್ಕೆ ಸರಿದ ಮೇಲೆ ಆ ತೋಪು ಒಳನಾಡಿನಲ್ಲಿ ಉಳಿಯುತ್ತದೆ. ನಿಮಗೆ ಕಂಡ ದೊಡ್ಡ ಮರಗಳ ಸಾಲು ಒಂದು ಕಾಲದ ಮರಳು ದಿಬ್ಬ.

ಕರೀಬಾ ಕಮರಿಯಲ್ಲಿ ನದಿಯನ್ನು ಕಟ್ಟಿ ನಿಲ್ಲಿಸಿದ್ದು 1958ರ ಡಿಸೆಂಬರ್‌ನಲ್ಲಿ. 128 ಮೀಟರ್ ಎತ್ತರದ ಗೋಡೆ, ಹಿಂದೆ ಸುಮಾರು 280 ಕಿಲೋಮೀಟರ್ ಉದ್ದದ ಸರೋವರ. ಹಿಡಿಯುವ ನೀರಿನ ಲೆಕ್ಕದಲ್ಲಿ ಮನುಷ್ಯ ಕಟ್ಟಿದ ಜಲಾಶಯಗಳಲ್ಲಿ ಇದೇ ಪ್ರಪಂಚದಲ್ಲಿ ದೊಡ್ಡದು. ಮುಳುಗುತ್ತಿದ್ದ ದ್ವೀಪಗಳಿಂದ 6,000ಕ್ಕೂ ಹೆಚ್ಚು ಪ್ರಾಣಿಗಳನ್ನು ದೋಣಿಯಲ್ಲಿ ಹಿಡಿದು ತಂದ ಆಪರೇಷನ್ ನೋವಾ ಎಂಬ ಸಾಹಸದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ರೂಪರ್ಟ್ ಫದರ್‌ಗಿಲ್ ಮತ್ತು ಅವರ ತಂಡ ನಿಜಕ್ಕೂ ದೊಡ್ಡ ಕೆಲಸ ಮಾಡಿತು. ಅದೇ ನೀರು ಸುಮಾರು 57,000 ಟೊಂಗಾ ಜನರ ಮನೆ, ನದಿ ದಡದ ಹೊಲಗಳನ್ನೂ ತೆಗೆದುಕೊಂಡಿತು. ಪ್ರಾಣಿಗಳ ಕಥೆ ಹೇಳುವಾಗ ಈ ಜನರನ್ನು ಬಿಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ.

ಅಣೆಕಟ್ಟಿನ ಕೆಳಗೆ ಏನಾಯಿತು? ಮಣ್ಣೆಲ್ಲ ಸರೋವರದ ತಳದಲ್ಲಿ ಕೂತುಬಿಟ್ಟಿತು. ಕೆಳಕ್ಕೆ ಬರುವ ತಿಳಿ ನೀರು ಹೊಸ ಮಣ್ಣು ತರುವುದಿಲ್ಲ, ಇದ್ದ ದಡವನ್ನೇ ಕೊರೆಯುತ್ತದೆ. ವಿದ್ಯುತ್ ಯಂತ್ರ ತಿರುಗಿಸಲು ವರ್ಷಪೂರ್ತಿ ನೀರು ಬಿಡುವುದರಿಂದ ಬೇಸಿಗೆಯ ಹರಿವು ಮೊದಲಿಗಿಂತ ಹೆಚ್ಚು, ಮಳೆಗಾಲದ ನೆರೆ ಮೊದಲಿಗಿಂತ ಕಡಿಮೆ. ಸರೋವರ ತುಂಬಿದಾಗ ಗೇಟು ತೆರೆಯುತ್ತಾರೆ, ಆದರೆ ಅದು ನದಿಯ ಹಳೆಯ ಲಯವಲ್ಲ. ಹೀಗಾಗಿ ಮುಸಂಗಿಗೆ ಬೇಕಾದ ಹೊಸ ಮೆಕ್ಕಲು ಸಿಗುವುದು ಬಹಳ ಕಮ್ಮಿ. ಇದು ಮುನ್ನೂರು ವರ್ಷ ಬಾಳುವ ಮರವೂ ಅಲ್ಲ. ಬೇಗ ಬೆಳೆದು, ನೂರರ ಆಸುಪಾಸಿನಲ್ಲಿ ಆಯಸ್ಸು ಮುಗಿಸುವ ಜಾತಿ. ಮಾನಾ ಪೂಲ್ಸ್‌ನ ದೊಡ್ಡ ತೋಪುಗಳಲ್ಲಿ ಹೆಚ್ಚಿನವು ಅಣೆಕಟ್ಟಿಗೂ ಮುಂಚಿನ ಸಂತತಿ. ಅವು ಒಂದೊಂದಾಗಿ ಬೀಳುತ್ತಿವೆ, ಹಿಂದೆ ಬರುವ ಮರಿಗಳು ಕಡಿಮೆ. ಆನೆಯ ಬಾಯಿಗೆ ಸಿಕ್ಕುವುದು ಆ ಉಳಿದ ಕೆಲವೇ ಸಸಿಗಳು. ಆದ್ದರಿಂದ ತಪ್ಪನ್ನೆಲ್ಲ ಆನೆಯ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಆನೆಗಳ ಸಂಖ್ಯೆಯ ಬಗ್ಗೆ ಮಾತಾಡುವವರು ನೆರೆಯ ಬಗ್ಗೆಯೂ ಮಾತಾಡಬೇಕು. ಮಳೆಗಾಲದಲ್ಲಿ ಲೆಕ್ಕ ಹಾಕಿ ನೀರು ಬಿಟ್ಟು ನೆರೆಯಂಥದ್ದನ್ನು ಮಾಡುವ ಮಾತು ಜಾಂಬೆಜಿ ಬಯಲುಗಳ ವಿಷಯದಲ್ಲಿ ಹಳೆಯದು. ಮಣ್ಣು ಸರೋವರದಲ್ಲೇ ಉಳಿಯುವವರೆಗೆ ಅದರಿಂದ ಅರ್ಧ ಪರಿಹಾರ ಮಾತ್ರ. ಆದರೂ ಅದು ಆಗಬೇಕಾದ ಕೆಲಸ.

ಹಳೆಯ ಜಾಂಬೆಜಿ ಹೇಗಿತ್ತು ಎಂದು ನೋಡುವ ಆಸೆ ಇದ್ದರೆ ನಿಮಗೆ ಎರಡು ದಾರಿ ಇದೆ, ಎರಡೂ ಜಾಂಬಿಯಾದಲ್ಲೇ. ಒಂದು ಲುವಾಂಗ್ವಾ ನದಿ. ಜಾಂಬೆಜಿಯ ಈ ಉಪನದಿಯ ಮುಖ್ಯ ಹರಿವಿಗೆ ಅಣೆಕಟ್ಟಿಲ್ಲ. ಈಗಲೂ ಅದು ಪ್ರತಿ ಮಳೆಗಾಲ ದಡ ಬದಲಿಸುತ್ತದೆ, ಬಿಟ್ಟುಹೋದ ತಿರುವುಗಳು ಕೊಳಗಳಾಗುತ್ತವೆ, ಅವುಗಳಲ್ಲಿ ಹಿಪ್ಪೊಗಳು ತುಂಬಿರುತ್ತವೆ. ಇನ್ನೊಂದು ಪಶ್ಚಿಮದ ಬರೋತ್ಸೆ ಬಯಲು. ಅದು ಕರೀಬಾಗಿಂತ ಮೇಲೆ ಇರುವುದರಿಂದ ನೆರೆ ಇನ್ನೂ ಬರುತ್ತದೆ. ನೀರು ಏರಿದಾಗ ಲೋಜಿ ಜನರ ರಾಜ ಲಿತುಂಗಾ ದೊಡ್ಡ ದೋಣಿಯಲ್ಲಿ ಲೆಯಾಲುಯಿಯಿಂದ ಎತ್ತರದ ಲಿಮುಲುಂಗಾಕ್ಕೆ ಮೆರವಣಿಗೆಯಲ್ಲಿ ಹೋಗುತ್ತಾರೆ. ಕುವೋಂಬೋಕಾ ಎಂಬ ಈ ಹಬ್ಬ ಸಾಮಾನ್ಯವಾಗಿ ಮಾರ್ಚ್, ಏಪ್ರಿಲ್ ಹೊತ್ತಿಗೆ ನಡೆಯುತ್ತದೆ. ದಿನಾಂಕವನ್ನು ನೀರೇ ನಿರ್ಧರಿಸುತ್ತದೆ. ಮಕ್ಕಳಿಗೆ ಖಂಡಿತ ತೋರಿಸಿ.

ದಡದ ಬೇರೆ ಮರಗಳನ್ನೂ ನೋಡಿ. ನಿಮಗೆ ಮೊದಲು ಗುರುತು ಸಿಗುವುದು ಹುಣಸೆ. ಹೌದು, ನಮ್ಮ ಸಾರಿನ ಹುಣಸೆಯೇ. ಅದರ ತವರು ಆಫ್ರಿಕಾ. ಭಾರತಕ್ಕೆ ಬಂದು ಎಷ್ಟೋ ಕಾಲವಾಗಿದೆ. ಅಲ್ಲಿ ಅದು ಹೆಚ್ಚಾಗಿ ದೊಡ್ಡ ಗೆದ್ದಲು ಹುತ್ತಗಳ ಮೇಲೆ ಬೆಳೆಯುತ್ತದೆ, ಹಣ್ಣಿಗೆ ಬಬೂನ್‌ಗಳು, ಆನೆಗಳು ಬರುತ್ತವೆ. ನದಿಯಿಂದ ದೂರ, ಗುಡ್ಡದ ಕಡೆ ಹೋದರೆ ಬಾವೊಬಾಬ್ ಸಿಗುತ್ತದೆ. ನಿಮ್ಮ ಜಿಲ್ಲೆಯ ಸವಣೂರಿನಲ್ಲಿ ದೊಡ್ಡಹುಣಸೆ ಎಂದು ಕರೆಯುವ ಮೂರು ಭಾರಿ ಮರಗಳಿವೆಯಲ್ಲ, ಅವೇ. ಸವಣೂರಿನಲ್ಲಿ ಅವು ಪರದೇಶಿಗಳು, ಇಲ್ಲಿ ಮನೆಯವರು. ಕಣಿವೆಯಲ್ಲಿ ಆನೆಗಳು ಬರಗಾಲದ ವರ್ಷಗಳಲ್ಲಿ ಇದರ ಮೆತ್ತನೆಯ ತೊಗಟೆ, ತಿರುಳನ್ನು ದಂತದಿಂದ ಬಗೆದು ತಿನ್ನುತ್ತವೆ.

ಉದ್ದ ದಾರದಲ್ಲಿ ಭಾರವಾದ ಕಾಯಿ ನೇತುಹಾಕಿದಂತೆ ಕಾಣುವುದು ಕಿಗೇಲಿಯಾ. ಬೆಂಗಳೂರಿನ ಉದ್ಯಾನಗಳಲ್ಲಿಯೂ ಇದನ್ನು ನೋಡಿರಬಹುದು. ಕಾಯಿ ಹತ್ತು ಕೆ.ಜಿ.ವರೆಗೂ ತೂಗುತ್ತದೆ, ಅದರ ಕೆಳಗೆ ಟೆಂಟ್ ಹಾಕಬೇಡಿ. ಕಡುಗೆಂಪು ಹೂ ರಾತ್ರಿ ಅರಳುತ್ತದೆ, ಬಾವಲಿಗಳು ಪರಾಗ ಸಾಗಿಸುತ್ತವೆ. ಬೆಳಿಗ್ಗೆ ನೆಲಕ್ಕೆ ಬಿದ್ದ ಹೂವನ್ನು ಇಂಪಾಲ, ಕುಡುಗಳು ಒಂದೂ ಬಿಡದೆ ಆಯ್ದು ತಿನ್ನುತ್ತವೆ. ನೀರಿನ ಅಂಚಿನ ಎತ್ತರದ ಹುಲ್ಲಿನಲ್ಲಿ ಲಾವಂಚದ ಕುಲದ್ದೊಂದು ಇದೆ, ಜೊಂಡೂ ಇದೆ. ನಡುಗಡ್ಡೆಗಳ ಆ ಹಸಿರು ಮೇಯಲೆಂದೇ ಆನೆಗಳೂ ಕಾಡೆಮ್ಮೆಗಳೂ ನೀರಿಗೆ ಇಳಿಯುವುದು.

ಹಿಪ್ಪೊ ಹಗಲೆಲ್ಲ ನೀರಲ್ಲಿ, ರಾತ್ರಿ ದಡದಲ್ಲಿ. ಒಂದು ರಾತ್ರಿಗೆ ಸುಮಾರು 40 ಕೆ.ಜಿ. ಹುಲ್ಲು ಮೇದು, ಬೆಳಗಾಗುವ ಮೊದಲು ನೀರಿಗೆ ಮರಳಿ ಅಲ್ಲೇ ಲದ್ದಿ ಹಾಕುತ್ತದೆ. ನೆಲದ ಸಾರ ಹೀಗೆ ನದಿಗೆ ಸೇರುತ್ತದೆ, ಹುಳ ಹುಪ್ಪಟೆ, ಮೀನುಗಳಿಗೆ ಆಹಾರವಾಗುತ್ತದೆ. ಬೇಸಿಗೆಯ ಕೊನೆಗೆ ಕೊಳ ಕುಗ್ಗಿ, ಹಿಪ್ಪೊಗಳು ಒಂದರ ಮೇಲೊಂದು ತುಂಬಿಕೊಂಡಾಗ ಅದೇ ಲದ್ದಿ ಜಾಸ್ತಿಯಾಗಿ ನೀರಿನ ಆಮ್ಲಜನಕ ಕಡಿಮೆಯಾಗುವುದೂ ಉಂಟು. ಮೊಸಳೆಗಳು ಇದೇ ಒಣ ಕಾಲದಲ್ಲಿ ಮರಳಿನಲ್ಲಿ ಮೊಟ್ಟೆ ಇಡುತ್ತವೆ. ಸುಮಾರು ಮೂರು ತಿಂಗಳು ಕಳೆದು, ಮಳೆ ಬಂದ ಹೊತ್ತಿಗೆ ಮರಿಗಳು ಒಳಗಿಂದ ಕೂಗುತ್ತವೆ. ತಾಯಿ ಮರಳು ಬಗೆದು, ಮರಿಗಳನ್ನು ಬಾಯಲ್ಲಿ ಇಟ್ಟುಕೊಂಡು ನೀರಿಗೆ ಬಿಡುತ್ತದೆ.

ಹಕ್ಕಿಗಳಲ್ಲಿ ಎರಡನ್ನು ತಪ್ಪಿಸಿಕೊಳ್ಳಬೇಡಿ. ಒಂದು ಕೆಂಪು ಕಳ್ಳಿಪೀರ. ನಮ್ಮ ಹಸಿರು ಕಳ್ಳಿಪೀರದ ಬಂಧು, ಆದರೆ ದೊಡ್ಡದು, ಮೈಯೆಲ್ಲ ಕೆಂಪು. ಆಗಸ್ಟ್ ಹೊತ್ತಿಗೆ ಬಂದು ಕಡಿದಾದ ಮಣ್ಣಿನ ದಡದಲ್ಲಿ ನೂರಾರು ಬಿಲ ಕೊರೆದು ಗೂಡು ಮಾಡುತ್ತವೆ. ದಡ ಹೊಸದಾಗಿ ಕುಸಿದಷ್ಟೂ ಅವಕ್ಕೆ ಅನುಕೂಲ. ಇನ್ನೊಂದು ಸ್ಕಿಮ್ಮರ್. ಅದರ ಕೆಳಕೊಕ್ಕು ಮೇಲಿನದಕ್ಕಿಂತ ಉದ್ದ. ಅದನ್ನು ನೀರಿನಲ್ಲಿ ಅದ್ದಿಕೊಂಡೇ ಹಾರುತ್ತಾ ಮೀನು ಹಿಡಿಯುತ್ತದೆ. ಬೇಸಿಗೆಯಲ್ಲಿ ತಲೆ ಎತ್ತುವ ಮರಳು ದಿಬ್ಬದ ಮೇಲೆ ಸುಮ್ನೆ ಒಂದು ಗುಳಿ ಮಾಡಿ ಮೊಟ್ಟೆ ಇಡುತ್ತದೆ. ಮೋಟಾರು ದೋಣಿ ಎಬ್ಬಿಸುವ ಅಲೆಗೇ ಆ ಮೊಟ್ಟೆ ಕೊಚ್ಚಿಹೋಗಬಹುದು. ನೀವು ದೋಣಿಯಲ್ಲಿ ಹೋದರೆ ದಿಬ್ಬದ ಹತ್ತಿರ ನಿಧಾನ ಮಾಡಲು ಹೇಳಿ, ದಿಬ್ಬದ ಮೇಲೆ ಇಳಿಯಬೇಡಿ.

ಮಕ್ಕಳು ಜಿರಾಫೆ ಕೇಳಿದರೆ ಮೊದಲೇ ಹೇಳಿಬಿಡಿ, ಈ ಭಾಗದಲ್ಲಿ ಜಿರಾಫೆ ಇಲ್ಲ. ಅದಕ್ಕೆ ಲುವಾಂಗ್ವಾಕ್ಕೇ ಹೋಗಬೇಕು. ಕಪ್ಪು ಘೇಂಡಾಮೃಗ ಒಂದು ಕಾಲದಲ್ಲಿ ಈ ಕಣಿವೆಯಲ್ಲಿ ಸಮೃದ್ಧವಾಗಿತ್ತು. 1980ರ ದಶಕದ ಕಳ್ಳಬೇಟೆಯಲ್ಲಿ ಅದನ್ನು ಕಳೆದುಕೊಂಡೆವು. ಅದೇ ದಶಕದಲ್ಲಿ ಒಂದು ಒಳ್ಳೆಯದೂ ಆಯಿತು. ಮಾನಾ ಬಯಲನ್ನೇ ಮುಳುಗಿಸಬಹುದಾಗಿದ್ದ ಮುಪಾಟಾ ಕಮರಿಯ ಅಣೆಕಟ್ಟಿನ ಯೋಜನೆ ವಿರೋಧದಿಂದಾಗಿ ನಿಂತಿತು. 1984ರಲ್ಲಿ ಮಾನಾ ಪೂಲ್ಸ್ ವಿಶ್ವ ಪರಂಪರೆಯ ತಾಣವಾಯಿತು.

ಹೋಗುವಾಗ ಕೆಲವು ವಿಷಯ ನೆನಪಿಡಿ. ಮೊಪಾನೆ ಕಾಡಿನಲ್ಲಿ ಸೆಟ್ಸಿ ನೊಣದ ಕಾಟ ಇದೆ. ಅದಕ್ಕೆ ನೀಲಿ, ಕಪ್ಪು ಬಣ್ಣ ಇಷ್ಟ. ಮಾನಾ ಪೂಲ್ಸ್ ಒಳಗೇ ಇರುವ ರೆಕೊಮಿಚಿ ಸಂಶೋಧನಾ ಕೇಂದ್ರದಲ್ಲಿ ದಶಕಗಳ ಕಾಲ ಇದನ್ನೇ ಅಧ್ಯಯನ ಮಾಡಿ, ಬಟ್ಟೆ ಮತ್ತು ದನದ ವಾಸನೆಯ ಬಲೆಗಳನ್ನು ರೂಪಿಸಿದರು. ನೀವು ತಿಳಿ ಕಂದು, ಮಾಸಲು ಹಸಿರು ಬಟ್ಟೆ ಹಾಕಿ. ಜೀನ್ಸ್ ಬೇಡ. ಮಾನಾ ಪೂಲ್ಸ್‌ಗೆ ಕಿತ್ತಳೆ, ಮೂಸಂಬಿ, ನಿಂಬೆ ತರುವಂತಿಲ್ಲ. ಆನೆಗಳು ಆ ವಾಸನೆಗೆ ಟೆಂಟು, ಕಾರು ಹುಡುಕಿಕೊಂಡು ಬರುತ್ತವೆ. ಆಚೆ ದಡದಲ್ಲಿದ್ದರೂ ಈ ನಿಯಮ ಪಾಲಿಸುವುದು ಒಳ್ಳೆಯದು. ಹಿಪ್ಪೊ ಮತ್ತು ನೀರಿನ ನಡುವೆ ಯಾವತ್ತೂ ನಿಲ್ಲಬೇಡಿ. ನದಿಯ ಅಂಚಿನಲ್ಲಿ ಮಕ್ಕಳು ಕೈಕಾಲು ತೊಳೆಯಲೂ ಇಳಿಯಬಾರದು, ಮೊಸಳೆ ಕಾಣದಿದ್ದರೆ ಇಲ್ಲ ಎಂದರ್ಥವಲ್ಲ. ಹೊರಡುವ ಮುಂಚೆ ವೈದ್ಯರನ್ನು ಕಂಡು ಮಲೇರಿಯಾ ಮಾತ್ರೆ ತೆಗೆದುಕೊಳ್ಳಿ.

ಸಮಯದ ಬಗ್ಗೆ: ಪ್ರಾಣಿಗಳು ಹೆಚ್ಚು ಕಾಣುವುದು ನೀವು ಹೋಗಿದ್ದ ಅಕ್ಟೋಬರ್‌ನಲ್ಲೇ. ಆದರೆ ಮಕ್ಕಳಿಗೆ ಆ ಬಿಸಿಲು ಜಾಸ್ತಿಯಾಗುತ್ತದೆ. ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಮೊದಲ ವಾರ ಇಟ್ಟುಕೊಳ್ಳಿ. ಆ ಹೊತ್ತಿಗೆ ಕಳ್ಳಿಪೀರಗಳು ಬಂದಿರುತ್ತವೆ, ಮುಸಂಗಿನ ಕಾಯಿ ಬೀಳಲು ಶುರುವಾಗಿರುತ್ತದೆ, ಬೆಳಗಿನ ಹೊತ್ತು ಹವೆ ಹಿತವಾಗಿರುತ್ತದೆ. ಮಳೆ ಶುರುವಾದ ಮೇಲೆ ಕಣಿವೆಯ ರಸ್ತೆಗಳು ಕೆಸರಾಗುತ್ತವೆ, ಹೆಚ್ಚಿನ ಕ್ಯಾಂಪುಗಳು ಮುಚ್ಚಿರುತ್ತವೆ. ಆದ್ದರಿಂದ ನವೆಂಬರ್ ದಾಟಿಸಬೇಡಿ. ಮರದ ಬುಡದಲ್ಲಿ ಆನೆ ಕಾಯಿ ಉದುರಿಸುವುದು ಕಂಡರೆ ಗಾಡಿ ನಿಲ್ಲಿಸಿ ಅರ್ಧ ಗಂಟೆ ಅಲ್ಲೇ ಇರಿ. ಸಿಂಹ ಹುಡುಕಿಕೊಂಡು ಓಡುವುದಕ್ಕಿಂತ ಅಲ್ಲಿ ಕೂತರೆ ಹೆಚ್ಚು ಪ್ರಾಣಿಗಳು ಕಾಣುತ್ತವೆ.